ಕಾಚಬಿಂದು

ಮೋತಿಬಿಂದು, ಕಾಚಬಿಂದು ಎಂದು ಮರಾಠಿಯಲ್ಲಿ ಎರಡು ಶಬ್ದಗಳಿವೆ. ನಾವು ಈಗ ನೆಲಸಿರುವ ಇಗತಪುರಿಯ ಪೇಟೆಯಲ್ಲಿ ಕೊತ್ತಂಬರಿ ಮಾರುವ ಮುದುಕಿಯೂ ಇವೆರಡನ್ನು ಬೇರೆ ಬೇರೆಯಾಗಿ ಬಲ್ಲಳು. ಮೊದಲನೆಯದಕ್ಕೆ ನಮ್ಮಲ್ಲಿ ಪೊರೆ ಎಂಬ ಅಚ್ಚಗನ್ನಡದ ಹೆಸರುಂಟು. ಎರಡನೆಯದಕ್ಕೆ ಮನೆಮಾತಿನ ಹೆಸರೊಂದು ನಮ್ಮ ಕಿವಿಗೆ ಇದುವರೆಗೆ ಬಿದ್ದಿಲ್ಲ. ಆಸ್ಪತ್ರೆಯ ಹಲಗೆಯ ಮೇಲೆ ಗ್ಲಾಕೋಮಾ ಎಂದು ಬರೆದಿರುತ್ತಾರೆ. ಅದು ಸಮುದ್ರದ ನೀಲಿಹಸಿರು ಬಣ್ಣವನ್ನು ಹೇಳುವ ಗ್ರೀಕ್ ಪದದಿಂದ ಬಂದುದು. ಸುಶ್ರುತಸಂಹಿತೆಯಲ್ಲಿ ಅಧಿಮಂಥವೆಂಬ ನೇತ್ರರೋಗದ ವರ್ಣನೆಯಿದೆ. ಕಡೆಗೋಲಿನಿಂದ ಕಣ್ಣನ್ನು ಕಡೆದಂತಾಗಿ ಅರ್ಧ ತಲೆ ಸಿಡಿಯುವುದು ಅದರ ಲಕ್ಷಣ. ಈ ರೋಗದ ಒಂದು ಬಗೆಗೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ಅಧಿಮಂಥವೆಂದರೆ ನಮ್ಮ ಅವ್ವನಿಗೆ ಏನು ತಿಳಿದೀತು? ಹೆಸರಿಲ್ಲದ ರೋಗದ ಮೇಲೆ ಮನೆಯಲ್ಲಿ ಯಾರಿಗೂ ಸಂಶಯ ಹುಟ್ಟುವುದಿಲ್ಲ. ನಮ್ಮ ತಂದೆಯವರ ಕಣ್ಣನ್ನು ಕೊಂಡುಹೋದದ್ದು ಇಂಥ ಹೆಸರಿಲ್ಲದ ರೋಗವೇ. ಅದೇ ರೋಗ ನಮ್ಮ ಕಣ್ಣಿನಲ್ಲಿಯೂ ಇದೆ. ಆದರೂ ಈ ಬರಹವನ್ನು ನಾವು ಸ್ವಂತ ಕಣ್ಣಿನಿಂದ ನೋಡಿಕೊಂಡು, ಸ್ವಂತ ಕೈಯಿಂದ ಬರೆಯುತ್ತಿದ್ದೇವೆ.

ತಂದೆಯವರ ಮೂಲ ವಾಡಿಯ ಕಡೆಗೆ. ಮುಂಬಯಿಯಿಂದ ಸೊಲ್ಲಾಪುರ, ವಾಡಿಗಳ ಮೇಲೆ ರಾಯಚೂರಿಗೆ ಹೋಗುವ ಹಾದಿ ಹಿಂದೆ ಜಿ.ಐ.ಪಿ. ರೇಲ್ವೆ ಕಂಪೆನಿಯದು. ಅದೇ ಕಂಪೆನಿಯ ಇಂಜಿನ್ನಿಗೆ ಕಲ್ಲಿದ್ದಲು ಎಸೆಯುವ ಹುಡುಗನಾಗಿ ಅವರು ಸೇರಿದರು. ವರ್ಗವಾಗುತ್ತ ಆಗುತ್ತ ಇಗತಪುರಿಗೆ ಬಂದು ಚಾಲಕರಾದರು. ಇಗತಪುರಿಯೆಂದರೆ ಥಳ್ ಘಾಟಿನ ನೆತ್ತಿ. ಮೂವತ್ತೇಳು ಅಡಿ ಮುಂದೆ ನಡೆದರೆ ಒಂದಡಿ ಮೇಲೇರುವ ಆ ಕಡಿದಾದ ಹಾದಿ 1865ರಲ್ಲಿ ತೆರೆಯಿತು. 1930ರ ವೇಳೆಗೆ ಮುಂಬಯಿಯಿಂದ ಇಲ್ಲಿಯವರೆಗೆ ವಿದ್ಯುತ್ತಿನ ತಂತಿಯೂ ಬಂದಿತು. ಆ ಬಳಿಕ ಎಷ್ಟೋ ವರ್ಷ, ಇಲ್ಲಿಂದಾಚೆ ಮನಮಾಡ, ಭುಸಾವಳದ ಕಡೆಗೆ ಗಾಡಿಯನ್ನೆಳೆಯುವ ಕೆಲಸ ಉಗಿಯ ಇಂಜಿನ್ನಿನದು. ಹೊಗೆ, ಮಳೆ, ಮಂಜುಗಳ ನಡುವೆ ಅರ್ಧ ಮೈಲಿಯಾಚೆಯ ಸಿಗ್ನಲ್ಲಿನ ತೋಳು ಬಾಗಿದೆಯೋ ಇಲ್ಲವೋ ಎಂದು ಹೇಳಬಲ್ಲ ಕಣ್ಣು ತಂದೆಯವರದು. ಅದರ ಅಭಿಮಾನವೂ ಅವರಿಗೆ ಸಾಕಷ್ಟಿದ್ದಿತು.

1978ರಲ್ಲಿ ನಿವೃತ್ತರಾಗಿ ಎರಡು ವರ್ಷವಾದ ಮೇಲೆ ಅವರು ಹೊಸ್ತಿಲಿಗೆ ಎಡವಲು ತೊಡಗಿದರು. ಊಟಕ್ಕೆ ಕುಳಿತಾಗ ಎಡಗಡೆಯಿಟ್ಟ ನೀರಿನ ತಂಬಿಗೆ ಉರುಳುತ್ತಿದ್ದಿತು. ಸಂತೆಯಲ್ಲಿ ನಡೆವಾಗ ಎದುರಿಗೆ ಬಂದವರಿಗೆ ಭುಜ ತಾಗುತ್ತಿದ್ದಿತು. "ಮಂದಿಗೆ ಕಣ್ಣಿಲ್ಲೇನು? ಮೈಮ್ಯಾಲೇ ಬರ್ತಾರಲ್ಲ!" ಎಂದು ಅವರು ಸಿಡುಕುತ್ತಿದ್ದರು. ಆ ದಿನಗಳಲ್ಲಿಯೇ ಚಷ್ಮೆಯಂಗಡಿಯಲ್ಲಿ ಅಕ್ಷರದ ಫಲಕದ ಕೊನೆಯ ಸಾಲನ್ನು ತಡವರಿಸದೆ ಓದಿ ಅಂಗಡಿಯವನಿಂದ ಶಭಾಸ್ ಎನ್ನಿಸಿಕೊಂಡು ಬಂದರು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಫಲಕ ಅಳೆಯುವುದು ನೋಟದ ನಡುವನ್ನು. ಈ ರೋಗ ತಿನ್ನುತ್ತ ಬರುವುದು ನೋಟದ ಅಂಚನ್ನು. ದೂರದ ಸಿಗ್ನಲ್ಲು ಕಾಣುತ್ತದೆ, ಕಾಲಬುಡದ ತಂಬಿಗೆ ಕಾಣುವುದಿಲ್ಲ.

ಇದನ್ನು ಸುರಂಗದ ನೋಟವೆಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಸುರಂಗ ನಮ್ಮ ಊರಿಗೆ ಹೊಸದಲ್ಲ. ಘಾಟಿನ ರೇಲ್ವೆ ಸುರಂಗಗಳು ನೂರೈವತ್ತು ವರ್ಷಕ್ಕೂ ಹಳೆಯವು. ಸಮೃದ್ಧಿ ಮಹಾಮಾರ್ಗದ ಸುಮಾರು ಎಂಟು ಕಿಲೋಮೀಟರ್ ಉದ್ದದ ಜೋಡಿ ಸುರಂಗ 2025ರಲ್ಲಿ ಸಂಚಾರಕ್ಕೆ ತೆರೆಯಿತು. ಆದುದರಿಂದ ಸುರಂಗದ ವಿಷಯದಲ್ಲಿ ನಾವು ಒಂದು ಮಾತು ಹೇಳಬಹುದು: ಈ ಹೋಲಿಕೆ ಪೂರ್ತಿ ಸರಿಯಲ್ಲ. ಸುರಂಗದಲ್ಲಿ ಹೋಗುವವನಿಗೆ ತನ್ನ ಸುತ್ತಲೂ ಕತ್ತಲೆಯಿದೆಯೆಂದು ತಿಳಿದಿರುತ್ತದೆ. ತಂದೆಯವರು ಒಮ್ಮೆಯೂ ಕತ್ತಲೆಯೆನ್ನಲಿಲ್ಲ. ಹೋದ ಭಾಗದಲ್ಲಿ ಕಪ್ಪು ಕಾಣಿಸುವುದಿಲ್ಲ. ಅಲ್ಲಿ ಏನೂ ಇಲ್ಲವೆಂಬ ಅರಿವೇ ಹುಟ್ಟುವುದಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ, ಎರಡರ ಕೊರತೆಯನ್ನು ಮೆದುಳು ತನ್ನ ಊಹೆಯಿಂದ ತುಂಬಿಕೊಡುತ್ತದೆ. ಹರಿದ ಸೀರೆಗೆ ಅಷ್ಟು ನಯವಾಗಿ ತೇಪೆ ಹಾಕುವ ಸಿಂಪಿಗ ಎಲ್ಲಿಯೂ ಸಿಗಲಾರ. ಹೀಗಾಗಿ ಎದುರಿಗೆ ಬರುವ ಮನುಷ್ಯ ಅವರ ಪಾಲಿಗೆ ಗಾಳಿಯಿಂದ ಉದುರಿದಂತೆ ಏಕಾಏಕಿ ಮೈಮೇಲೆ ಬರುತ್ತಿದ್ದನು. ಅವರ ಸಿಡುಕು ಅವರ ಮಟ್ಟಿಗೆ ನ್ಯಾಯವಾದುದೇ ಆಗಿದ್ದಿತು.

ಊರಿನವರು "ಪೊರೆ ಬಂದಿರಬೇಕು, ಬಲಿಯಲಿ, ಆಮೇಲೆ ತೆಗೆಸಿದರಾಯಿತು" ಎಂದರು. ಆ ಮಾತು ಸುಮ್ಮನೆ ಹುಟ್ಟಿದುದಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು (1916–2005) ಊರೂರಿಗೆ ಹೋಗಿ ಶಿಬಿರ ಹೂಡಿ, ಸಾಲಾಗಿ ಮಲಗಿಸಿದ ಸಾವಿರಾರು ಜನರ ಕಣ್ಣಿನ ಪೊರೆ ತೆಗೆದ ಕಾಲವದು. ಕೈಹಿಡಿದು ಕರೆತಂದ ಮುದುಕರು ಪಟ್ಟಿ ಬಿಚ್ಚಿದ ಮೇಲೆ ಮೊಮ್ಮಕ್ಕಳ ಮುಖ ಕಂಡು ಅತ್ತುದನ್ನು ನಮ್ಮ ಸೀಮೆಯ ಜನ ಕಣ್ಣಾರೆ ನೋಡಿದ್ದರು. ಆ ಪುಣ್ಯಕಾರ್ಯದಿಂದ ಜನಮನದಲ್ಲಿ ಒಂದು ನಂಬಿಕೆ ನೆಲೆಯೂರಿತು: ಕಣ್ಣು ಹೋದರೆ ತರಿಸಿಕೊಳ್ಳಬಹುದು, ಕಾದರೆ ಕೆಡುಕಿಲ್ಲ. ಪೊರೆಯ ಮಟ್ಟಿಗೆ ಇದು ಬಹುಪಾಲು ನಿಜ. ಕಾಚಬಿಂದುವಿನ ಮಟ್ಟಿಗೆ ಇದರಷ್ಟು ಘಾತಕವಾದ ನಂಬಿಕೆ ಇನ್ನೊಂದಿಲ್ಲ.

1983ರಲ್ಲಿ ಮುಂಬಯಿಯ ವೈದ್ಯರೊಬ್ಬರು ತಂದೆಯವರ ಕಣ್ಣನ್ನು ಬಹಳ ಹೊತ್ತು ನೋಡಿ, ಒಳಗಿನ ನರ ಒಣಗಿದೆಯೆಂದೂ, ಹೋದ ನೋಟವನ್ನು ಮರಳಿ ತರುವ ಔಷಧ ಯಾರಲ್ಲಿಯೂ ಇಲ್ಲವೆಂದೂ, ಉಳಿದ ಹಿಡಿಯಷ್ಟನ್ನು ಕಾಯಲು ಯತ್ನಿಸೋಣವೆಂದೂ ಮೃದುವಾಗಿ ಹೇಳಿದರು. ಹಿಂದಿರುಗುವಾಗ ಗಾಡಿಯಲ್ಲಿ ತಂದೆಯವರು ಕಸಾರೆಯವರೆಗೆ ಮಾತನಾಡಲಿಲ್ಲ. ಘಾಟು ಹತ್ತುವಾಗ ಗಾಡಿಯ ಹಿಂದೆ ನೂಕುವ ಇಂಜಿನ್ನು ಕೂಡಿದ ಸದ್ದು ಕೇಳಿ, "ಪೊರಿ ತಗದ್ರ ಕಾಣಸ್ತದ ಅಂದ್ಕೊಂಡಿದ್ದೆ. ಇದು ಪೊರಿ ಅಲ್ಲಂತ" ಎಂದಷ್ಟೇ ಹೇಳಿದರು. ಹನಿ ಹಾಕಿದೆವು, ಶಸ್ತ್ರಕ್ರಿಯೆಯೂ ಒಂದಾಯಿತು. 1987ರ ವೇಳೆಗೆ ಹಗಲು ರಾತ್ರಿಗಳ ಭೇದವಷ್ಟೇ ಉಳಿದಿದ್ದಿತು. ಬದುಕಿನ ಕೊನೆಯ ನಾಲ್ಕು ವರ್ಷ ಅವರು ಹೊರಗಿನ ಕಟ್ಟೆಯ ಮೇಲೆ ಕುಳಿತು, ಸದ್ದಿನ ಮೇಲೆ ಗಾಡಿಗಳ ಹೆಸರು ಹೇಳುತ್ತಿದ್ದರು.

ಈ ರೋಗ ಹೇಗೆ ಬರುತ್ತದೆಂಬುದನ್ನು ತಿಳಿಯಲು ಇಗತಪುರಿಯ ಮಳೆಗಾಲಕ್ಕಿಂತ ಒಳ್ಳೆಯ ಪಾಠವಿಲ್ಲ. ಕಣ್ಣಿನ ಮುಂಭಾಗದಲ್ಲಿ ಒಂದು ತಿಳಿನೀರು ಸದಾ ಊರುತ್ತಿರುತ್ತದೆ. ಇದು ಅಳುವಾಗ ಸುರಿಯುವ ಕಣ್ಣೀರಲ್ಲ, ಕಣ್ಣುಗುಡ್ಡೆಯ ಒಳಗಿನದು. ನಿಮಿಷಕ್ಕೆ ಎರಡು ಮೂರು ಮೈಕ್ರೋಲೀಟರಿನಷ್ಟು, ಎಂದರೆ ಒಂದು ಹನಿ ಊರಲು ಸುಮಾರು ಇಪ್ಪತ್ತು ನಿಮಿಷ ಬೇಕು. ಊರಿದಷ್ಟು ನೀರು ಹೊರಗೆ ಹರಿದುಹೋಗಬೇಕು. ಪಾಪೆಯ ಸುತ್ತಲಿನ ಬಣ್ಣದ ತೆರೆಯೂ ಕಣ್ಣಿನ ಮುಂದಿನ ಗಾಜಿನಂಥ ಪೊರೆಯೂ ಕೂಡುವ ಮೂಲೆಯಲ್ಲಿ, ಸುತ್ತಲೂ ಉಂಗುರದಂತೆ, ಒಂದು ಸೂಕ್ಷ್ಮವಾದ ಜಾಲರಿಯಿದೆ. ಅದೇ ಈ ನೀರಿನ ಮೋರಿ. ನಮ್ಮ ಅಂಗಳದ ಮೋರಿಗೆ ಕಬ್ಬಿಣದ ಜಾಲರಿಯಿದೆ. ಮೃಗಶಿರೆ ಹಿಡಿದ ಮೇಲೆ ಇಲ್ಲಿ ಸುರಿಯುವ ಮಳೆಗೆ ಅದು ಎರಡು ರೀತಿಯಿಂದ ಕಟ್ಟಿಕೊಳ್ಳುತ್ತದೆ. ಕೆಸರು ಕಣಕಣವಾಗಿ ತೂತುಗಳಲ್ಲಿ ಕುಳಿತು, ವಾರಗಟ್ಟಲೆ ನೀರು ನಿಧಾನವಾಗುತ್ತ ಬರುವುದು ಒಂದು ರೀತಿ. ಅಗಲವಾದ ತೇಗದ ಎಲೆಯೊಂದು ಬಂದು ಜಾಲರಿಯ ಮೇಲೆ ಅಂಗಾತ ಬಿದ್ದು, ಕಾಲು ಗಂಟೆಯಲ್ಲಿ ಅಂಗಳವೆಲ್ಲ ಕೆರೆಯಾಗುವುದು ಇನ್ನೊಂದು ರೀತಿ. ಕಾಚಬಿಂದುವಿನಲ್ಲಿಯೂ ಮುಖ್ಯವಾಗಿ ಇವೇ ಎರಡು ಬಗೆ. ಜಾಲರಿಯೇ ಮಂದವಾಗುವುದನ್ನು ತೆರೆದ ಕೋನದ ರೋಗವೆನ್ನುತ್ತಾರೆ. ಬಣ್ಣದ ತೆರೆ ಜಾಲರಿಯ ಮೇಲೆ ಕವಿಯುವುದನ್ನು ಮುಚ್ಚಿದ ಕೋನದ ರೋಗವೆನ್ನುತ್ತಾರೆ.

ನೀರು ನಿಂತರೆ ಒತ್ತಡ ಏರುತ್ತದೆ. ಸಾಮಾನ್ಯವಾದ ಕಣ್ಣಿನ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರ್. ಅದು ಏರಿ ನಿಂತರೆ, ಕಣ್ಣಿನ ಹಿಂದುಗಡೆಯಿಂದ ಮೆದುಳಿಗೆ ಹೋಗುವ ನರದ ಹತ್ತು ಹನ್ನೆರಡು ಲಕ್ಷ ಎಳೆಗಳು ಒಂದೊಂದಾಗಿ ಸಾಯುತ್ತವೆ. ಒತ್ತಡ ಮಿತಿಯಲ್ಲಿದ್ದರೂ ನರ ಸವೆಯುವವರುಂಟು. ಆದುದರಿಂದ ಒತ್ತಡವೊಂದನ್ನೇ ಅಳೆದು ನಿಶ್ಚಿಂತರಾಗುವಂತಿಲ್ಲ, ನರವನ್ನೂ ನೋಡಬೇಕು. ಭಾರತದಲ್ಲಿ ನಲವತ್ತು ದಾಟಿದವರಲ್ಲಿ ಒಂದು ಕೋಟಿ ಹನ್ನೆರಡು ಲಕ್ಷ ಜನರಿಗೆ ಈ ರೋಗವಿದೆಯೆಂದು 2010ರಲ್ಲಿ ಪ್ರಕಟವಾದ ಒಂದು ಅಂದಾಜು. ಆಂಧ್ರ, ತಮಿಳುನಾಡುಗಳಲ್ಲಿ ಮನೆಮನೆಗೆ ಹೋಗಿ ನೋಡಿದವರಿಗೆ ಕಂಡುಬಂದುದು ಇನ್ನೂ ವಿಚಿತ್ರ: ರೋಗವಿದ್ದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ತಮಗೆ ರೋಗವಿದೆಯೆಂಬುದೇ ತಿಳಿದಿರಲಿಲ್ಲ.

ಈ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿ, 2010ರಲ್ಲಿ ಬಿಡುವು ಪಡೆದು, ತಂದೆಯವರ ಮನೆಗೆ ನಾವು ಮರಳಿದೆವು. 2019ರಲ್ಲಿ, ನಮಗೆ ಯಾವ ತೊಂದರೆಯೂ ಇಲ್ಲದಿರುವಾಗಲೇ, ತಂದೆಯವರ ಕಥೆಯನ್ನು ನೆನೆದು ನಾಶಿಕದ ಒಂದು ಕಣ್ಣಾಸ್ಪತ್ರೆಗೆ ಹೋದೆವು. ಅಲ್ಲಿ ಹಳದಿಯ ಹನಿ ಹಾಕಿ, ನೀಲಿ ಬೆಳಕಿನ ಸಣ್ಣ ಮೊನೆಯನ್ನು ಕಣ್ಣಿಗೆ ತಾಗಿಸಿ ಒತ್ತಡ ಅಳೆದರು. ಬಲಕ್ಕೆ 27, ಎಡಕ್ಕೆ 25. ಕನ್ನಡಿಯಿಟ್ಟ ಗಾಜೊಂದನ್ನು ಕಣ್ಣಿನ ಮೇಲಿಟ್ಟು ಮೂಲೆಯ ಜಾಲರಿಯನ್ನು ನೋಡಿ, ಕೋನ ತೆರೆದಿದೆಯೆಂದರು. ಅನಂತರ ನೋಟದ ಹರವನ್ನು ಅಳೆಯುವ ಪರೀಕ್ಷೆ. ದೊಡ್ಡ ಬಿಳಿಯ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ನಡುವಿನ ಚುಕ್ಕೆಯನ್ನೇ ದಿಟ್ಟಿಸುತ್ತ ಕುಳಿತಿರಬೇಕು. ಅಲ್ಲೊಂದು ಇಲ್ಲೊಂದು ಮಿಂಚುಹುಳುವಿನಂತೆ ಬೆಳಕು ಮೂಡಿ ಅಡಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿನ ಗುಂಡಿಯನ್ನೊತ್ತಬೇಕು. ಜೀವಮಾನವೆಲ್ಲ ಇತರರನ್ನು ಪರೀಕ್ಷೆಗೆ ಕೂರಿಸಿದ ನಮಗೆ ಇಂಥ ಪರೀಕ್ಷೆ ಎಂದೂ ಆಗಿರಲಿಲ್ಲ. ಪಕ್ಕದವರದನ್ನು ನೋಡಿ ಬರೆಯುವಂತಿಲ್ಲ. ಊಹಿಸಿ ಒತ್ತಿದರೆ ಯಂತ್ರ ಅದನ್ನೂ ಗುರುತು ಹಾಕಿಕೊಳ್ಳುತ್ತದೆ. ನಡುವೆ ಕೆಲವೊಮ್ಮೆ ಬಹಳ ಹೊತ್ತು ಏನೂ ಕಾಣಿಸದು. ಬೆಳಕೇ ಬಂದಿಲ್ಲವೋ, ಬಂದುದು ನಮಗೆ ಕಾಣಲಿಲ್ಲವೋ? ಆ ಮೌನದಲ್ಲಿ ನಮಗೆ ತಂದೆಯವರ ತಂಬಿಗೆ ಉರುಳಿದ ಸದ್ದು ಕೇಳಿಸಿತೆಂದರೆ ವಾಚಕರು ನಗಬಾರದು. ಹೊರಗೆ ಬಂದ ಕಾಗದದಲ್ಲಿ ಬಲಗಣ್ಣಿನ ಮೂಗಿನ ಪಕ್ಕಕ್ಕೆ, ಮೇಲ್ಭಾಗದಲ್ಲಿ, ಉಗುರಿನಷ್ಟು ಬೂದುಬಣ್ಣದ ಕಲೆಯಿದ್ದಿತು.

ಮೊದಲು ರಾತ್ರಿಗೊಂದು ಹನಿಯ ಔಷಧ ಕೊಟ್ಟರು. ಅದು ಒಳ್ಳೆಯ ಔಷಧ, ಒತ್ತಡವನ್ನು ಇಳಿಸಿತು. ಆದರೆ ಕಣ್ಣು ಕೆಂಪಡರಿತು, ರೆಪ್ಪೆಯ ಕೂದಲು ಉದ್ದುದ್ದವಾಗಿ ಬೆಳೆದವು. ಎಪ್ಪತ್ತರ ಹತ್ತಿರ ಬಂದವರಿಗೆ ನಾಟಕದ ನಾಯಕಿಯ ರೆಪ್ಪೆ ಬಂದರೆ ನೆರೆಯವರು ಸುಮ್ಮನಿರುವರೇ? ಇದು ಹಾಸ್ಯದ ಮಾತಾಯಿತು. ಹನಿಯ ನಿಜವಾದ ಕಷ್ಟ ಬೇರೆ. ಅದನ್ನು ದಿನವೂ, ವರ್ಷವೂ, ಬದುಕಿರುವವರೆಗೂ ಹಾಕಬೇಕು. ಹಾಕಿದರೆ ಸುಖವೆನಿಸದು, ಬಿಟ್ಟರೆ ನೋವಾಗದು. ಮಳೆಗೆ ಘಾಟಿನ ರಸ್ತೆ ಕಟ್ಟಿದ ದಿನಗಳಲ್ಲಿ ಊರಿನ ಔಷಧದಂಗಡಿಯಲ್ಲಿ ಆ ಸೀಸೆ ಸಿಗದು. ನಡುಗುವ ಕೈಯವರಿಗೆ ಹನಿ ಕಣ್ಣಿಗಿಂತ ಕೆನ್ನೆಗೇ ಹೆಚ್ಚು ಬೀಳುತ್ತದೆ. ಇವನ್ನೆಲ್ಲ ಕೇಳಿದ ವೈದ್ಯರು 2022ರಲ್ಲಿ ಲೇಸರ್ ಮಾಡೋಣವೆಂದರು.

ಲೇಸರ್ ಎಂಬ ಶಬ್ದ ಕೇಳಿ ಮನೆಯವರು ಹೆದರಿದರು. ನೆರೆಮನೆಯ ಹುಡುಗನಂತೂ, "ಲೇಸರ್ ಹೊಡೆದರೆ ಚಷ್ಮಾ ಹೋಗುತ್ತದಂತೆ, ಅಜೋಬಾ!" ಎಂದು ಕುಣಿದನು. ಚಷ್ಮೆ ಬಿಡಿಸುವ ಲೇಸರ್ ಬೇರೆ, ಇದು ಬೇರೆ. ನಮ್ಮ ಚಷ್ಮೆ ಇಂದಿಗೂ ಮೂಗಿನ ಮೇಲೆ ಭದ್ರವಾಗಿದೆ. ನಡೆದುದು ಇಷ್ಟು. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ದಿನವೂ ತಪಾಸಣೆಗೆ ಕೂರಿಸುವಂಥ ಯಂತ್ರದ ಮುಂದೆಯೇ ಕೂರಿಸಿದರು. ಗದ್ದವನ್ನು ಅದರ ಆನಿಕೆಯ ಮೇಲಿಟ್ಟೆವು. ಕನ್ನಡಿಯ ಗಾಜು ಕಣ್ಣಿನ ಮೇಲೆ ಬಂದಿತು. ಹಸಿರು ಬೆಳಕು ಮಿಂಚಿ ಮಿಂಚಿ ಹೋಯಿತು, ಗಡಿಯಾರದಂತೆ ಟಿಕ್ ಟಿಕ್ ಸದ್ದು. ಸುತ್ತಲಿನ ಜಾಲರಿಗೆ ಸುಮಾರು ನೂರು ಏಟುಗಳಾದವೆಂದು ವೈದ್ಯರು ಹೇಳಿದರು. ನೋವಿಲ್ಲ, ಆಗಾಗ ಸೂಜಿಯ ಹಿಂಬದಿಯಿಂದ ಮುಟ್ಟಿದಂಥ ಅನುಭವ. ಹತ್ತು ನಿಮಿಷದಲ್ಲಿ ಎದ್ದೆವು. ಲೇಸರಿನ ಬೆನ್ನಿಗೇ ಕೆಲವರಿಗೆ ಒತ್ತಡ ಏರುವುದುಂಟಾದ್ದರಿಂದ ಒಂದು ಗಂಟೆ ಕೂರಿಸಿ ಮತ್ತೆ ಅಳೆದು ಕಳಿಸಿದರು. ಸಂಜೆಯ ಬಸ್ಸಿಗೆ ಇಗತಪುರಿ ಸೇರಿ ಮನೆಯ ಕದವನ್ನು ನಾವೇ ತೆರೆದೆವು.

ಒಂದೊಂದು ಏಟಿನ ಅವಧಿ ಒಂದು ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಮೂರು ಪಾಲು. ಅಷ್ಟರಲ್ಲಿ ಏನನ್ನೂ ಸುಡಲು ಆಗದು, ಸುಡುವುದು ಉದ್ದೇಶವೂ ಅಲ್ಲ. ಜಾಲರಿಯಲ್ಲಿ ಕಪ್ಪು ಬಣ್ಣದ ಕಣವುಳ್ಳ ಜೀವಕೋಶಗಳು ಮಾತ್ರ ಆ ಬೆಳಕನ್ನು ಹೀರಿಕೊಳ್ಳುತ್ತವೆ. ಅವು ಎಚ್ಚೆತ್ತು ಸುದ್ದಿ ಕಳಿಸುತ್ತವೆ. ದೇಹದ ಕಸಗುಡಿಸುವ ಕೋಶಗಳು ಬಂದು ಜಾಲರಿಯನ್ನು ಚೊಕ್ಕಟಮಾಡುತ್ತವೆ. ಹೀಗೆಂದು ತಿಳಿದವರು ವಿವರಿಸುತ್ತಾರೆ. ಮೋರಿಯನ್ನು ಒಡೆಯುವುದಲ್ಲ, ಕಸ ತೆಗೆಯುವವರ ಬಾಗಿಲು ತಟ್ಟುವುದು. ಆದುದರಿಂದಲೇ ಗುಣ ಕಾಣಲು ಒಂದೂವರೆ ತಿಂಗಳು ಬೇಕಾಯಿತು. ಹನಿಯನ್ನು ನಿಲ್ಲಿಸಿದ ಮೇಲೆಯೂ ನಮ್ಮ ಒತ್ತಡ 18ರ ಆಸುಪಾಸಿನಲ್ಲಿ ನಿಂತಿದೆ. ಬೂದುಬಣ್ಣದ ಕಲೆ ಹಾಗೆಯೇ ಇದೆ. ಅದು ಹೋಗದು. ಅದು ಬೆಳೆಯದಿರುವುದೇ ನಮ್ಮ ಲಾಭ.

ಈ ಹತ್ತು ನಿಮಿಷಕ್ಕೆ ನೂರಾರು ವರ್ಷದ ತಪಸ್ಸು ಹಿಂದಿದೆ. 1857ರಲ್ಲಿ ಬರ್ಲಿನ್ನಿನ ಗ್ರೇಫ್ ಎಂಬ ವೈದ್ಯರು ಬಣ್ಣದ ತೆರೆಯ ಒಂದು ತುಂಡನ್ನು ಕತ್ತರಿಸಿ ತೆಗೆದರೆ ಕಣ್ಣಿನ ಒತ್ತಡ ಇಳಿಯುವುದೆಂದು ತೋರಿಸಿದರು. 1909ರಲ್ಲಿ ನಮ್ಮ ಮದರಾಸಿನ ಸರಕಾರಿ ಕಣ್ಣಾಸ್ಪತ್ರೆಯಲ್ಲಿಯೇ ರಾಬರ್ಟ್ ಹೆನ್ರಿ ಎಲಿಯಟ್ ಎಂಬವರು ಕಣ್ಣಿನ ಬಿಳಿಯ ಗೋಡೆಯಲ್ಲಿ ಸಣ್ಣ ದುಂಡು ರಂಧ್ರ ಕೊರೆದು ನೀರಿಗೆ ದಾರಿ ಮಾಡುವ ಶಸ್ತ್ರಕ್ರಿಯೆಯನ್ನು ರೂಢಿಗೆ ತಂದರು. ಅದು ಇಲ್ಲಿಂದ ಜಗತ್ತಿಗೆಲ್ಲ ಹರಡಿತೆಂಬುದು ಅಭಿಮಾನದ ಸಂಗತಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಮೆಯರ್-ಷ್ವಿಕೆರಾಥ್ ಎಂಬವರು ಸೂರ್ಯನ ಬೆಳಕನ್ನೇ ಕನ್ನಡಿಗಳಿಂದ ಹಿಡಿದು ಕಣ್ಣಿನ ಚಿಕಿತ್ಸೆಗೆ ಬಳಸಿದರು. ಮೋಡ ಕವಿದರೆ ಚಿಕಿತ್ಸೆ ನಿಲ್ಲಬೇಕು. ಇಗತಪುರಿಯಲ್ಲಾಗಿದ್ದರೆ ನಾಲ್ಕು ತಿಂಗಳು ಅವರು ಕೈಕಟ್ಟಿ ಕೂರಬೇಕಾಗುತ್ತಿದ್ದಿತು. 1960ರಲ್ಲಿ ಅಮೆರಿಕದ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಕನ್ನು ಹೊರಡಿಸಿದ ಮೇಲೆ ಸೂರ್ಯನ ಹಂಗು ತಪ್ಪಿತು. 1979ರಲ್ಲಿ ವೈಸ್ ಮತ್ತು ವಿಟರ್ ಎಂಬಿಬ್ಬರು ಜಾಲರಿಗೆ ಲೇಸರ್ ಹಾಯಿಸಿ ಒತ್ತಡ ಇಳಿಸಿದ ವರದಿ ಪ್ರಕಟಿಸಿದರು; ಆಗ ಜಾಲರಿ ಅಲ್ಪಸ್ವಲ್ಪ ಸುಡುತ್ತಿದ್ದಿತು. ಸುಡದ ಈಗಿನ ವಿಧಾನಕ್ಕೆ 1995ರಲ್ಲಿ ಲಟೀನಾ ಎಂಬವರು ನಾಂದಿ ಹಾಡಿದರು. 2019ರಲ್ಲಿ ಇಂಗ್ಲೆಂಡಿನಲ್ಲಿ ಏಳುನೂರಕ್ಕೂ ಹೆಚ್ಚು ಹೊಸ ರೋಗಿಗಳ ಮೇಲೆ ನಡೆದ ಅಧ್ಯಯನದ ಫಲ ಹೊರಬಂದಿತು. ಮೊದಲೇ ಲೇಸರ್ ಮಾಡಿಸಿಕೊಂಡವರಲ್ಲಿ ನೂರಕ್ಕೆ ಎಪ್ಪತ್ತನಾಲ್ಕು ಮಂದಿಗೆ ಮೂರು ವರ್ಷದ ಬಳಿಕವೂ ಹನಿಯೇ ಬೇಕಾಗಿರಲಿಲ್ಲ. ಈಗ ಅಲ್ಲಿ ಹನಿಗಿಂತ ಮೊದಲು ಲೇಸರನ್ನೇ ಸೂಚಿಸುತ್ತಾರೆ.

ತೇಗದ ಎಲೆಯ ಬಗೆಯ ರೋಗವನ್ನು ನಾವು ಕಂಡುದು ನೆರ​ಮನೆಯ ಮಾವಶಿಯಲ್ಲಿ. 2023ರ ಆಗಸ್ಟ್ ತಿಂಗಳ ಒಂದು ರಾತ್ರಿ. ಮಳೆ ಹಿಡಿದು ಮೂರು ದಿನವಾಗಿದ್ದಿತು, ವಿದ್ಯುತ್ತು ಸಂಜೆಯಿಂದಲೇ ಇರಲಿಲ್ಲ. ಮಾವಶಿ ಮೇಣದಬತ್ತಿಯ ಮುಂದೆ ಅಕ್ಕಿ ಆರಿಸುತ್ತ ಕುಳಿತಿದ್ದವರು ಎಡಹುಬ್ಬಿನ ಮೇಲೆ ತಲೆ ಸಿಡಿಯುತ್ತದೆಂದು ಮಲಗಿದರು. ಸ್ವಲ್ಪ ಹೊತ್ತಿಗೆ ವಾಂತಿಯಾಯಿತು. ಪಿತ್ತವೆಂದು ಸೊಸೆ ನಿಂಬೆರಸ ಕೊಟ್ಟಳು. ವಾಂತಿ ನಿಲ್ಲಲಿಲ್ಲ. ನಾವು ಹೋಗಿ ನೋಡಿದಾಗ ಅವರು ಒಂದು ಮಾತು ಹೇಳಿದರು: ಬತ್ತಿಯ ಸುತ್ತ ಕಾಮನಬಿಲ್ಲಿನ ಬಳೆ ಕಾಣುತ್ತದೆ. ಆ ಬಳೆಯ ಮಾತನ್ನು ನಾವು ಆಸ್ಪತ್ರೆಯ ಗೋಡೆಯ ಮೇಲೆ ಎಷ್ಟೋ ಸಲ ಓದಿದ್ದೆವು. ಟಾರ್ಚು ಹಿಡಿದರೆ ಎಡಗಣ್ಣು ಕೆಂಡದಂತಿದೆ, ಪಾಪೆ ಬೆಳಕಿಗೆ ಕುಗ್ಗುತ್ತಿಲ್ಲ. ಕತ್ತಲೆಯಲ್ಲಿ ಪಾಪೆ ಹಿಗ್ಗುತ್ತದೆ. ಕಣ್ಣಿನೊಳಗೆ ಮೊದಲೇ ಇಕ್ಕಟ್ಟಿದ್ದವರಲ್ಲಿ ಪಾಪೆಯ ಬಾಯಲ್ಲಿ ನೀರು ತಡೆದು, ಬಣ್ಣದ ತೆರೆ ಮುಂದಕ್ಕೆ ಉಬ್ಬಿ, ಜಾಲರಿಯ ಮೇಲೆ ಕವಿಯುತ್ತದೆ. ಅಂಗಳ ಕೆರೆಯಾಗುತ್ತದೆ. ಇದಕ್ಕೆ ಬೆಳಗಾಗುವವರೆಗೆ ಕಾಯುವಂತಿಲ್ಲ.

ಜೀಪು ಮಾಡಿಕೊಂಡು ಆ ಮಳೆಯಲ್ಲಿಯೇ ನಲವತ್ತೈದು ಕಿಲೋಮೀಟರ್ ದೂರದ ನಾಶಿಕಕ್ಕೆ ಹೊರಟೆವು. ಘೋಟಿಯ ಹತ್ತಿರ ನೀರು ರಸ್ತೆಯ ಮೇಲೆ ಹರಿಯುತ್ತಿದ್ದಿತು. ಆಸ್ಪತ್ರೆಯಲ್ಲಿ ಅಳೆದಾಗ ಒತ್ತಡ 58. ರಕ್ತನಾಳಕ್ಕೆ ಔಷಧ ಕೊಟ್ಟು, ಮಾತ್ರೆ ಹನಿಗಳಿಂದ ರಾತ್ರಿಯೆಲ್ಲ ಅದನ್ನು ಇಳಿಸಿದರು. ಮಂಜಾಗಿದ್ದ ಕಣ್ಣಿನ ಮುಂಭಾಗ ತಿಳಿಯಾದ ಮೇಲೆ ಮರುದಿನ ಮಧ್ಯಾಹ್ನ ಲೇಸರಿನಿಂದ ಬಣ್ಣದ ತೆರೆಯ ಅಂಚಿನಲ್ಲಿ, ಮೇಲಿನ ರೆಪ್ಪೆಯ ಮರೆಯಲ್ಲಿ, ಒಂದು ತೂತು ಮಾಡಿದರು. ತೂತೆಂದರೆ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲಿನಷ್ಟು. ನಮ್ಮವರ ಕಂದು ಕಣ್ಣಿನಲ್ಲಿ ಆ ತೆರೆ ದಪ್ಪ. ಆದುದರಿಂದ ಮೊದಲು ಒಂದು ಲೇಸರಿನಿಂದ ತೆಳುಮಾಡಿ, ಬಳಿಕ ಇನ್ನೊಂದರಿಂದ ತೂರುವುದುಂಟು. ತೂತಾದೊಡನೆ ಹಿಂದೆ ಕಟ್ಟಿಕೊಂಡ ನೀರು ಮುಂದಕ್ಕೆ ಬರುತ್ತದೆ, ತೆರೆ ಹಿಂದಕ್ಕೆ ಸರಿಯುತ್ತದೆ, ಎಲೆ ಜಾಲರಿಯನ್ನು ಬಿಟ್ಟೇಳುತ್ತದೆ. ಎರಡು ವಾರದ ಬಳಿಕ ಬಲಗಣ್ಣಿಗೂ ಹಾಗೆಯೇ ಮಾಡಿದರು. ಒಂದಕ್ಕೆ ಬಂದದ್ದು ಇನ್ನೊಂದಕ್ಕೆ ಬರದೆಂದು ನಂಬುವಂತಿಲ್ಲ. ಮಾವಶಿ ಈಗ ಸೂಜಿಗೆ ದಾರ ಪೋಣಿಸುತ್ತಾರೆ. "ಕಣ್ಣಿಗೆ ಕಿಟಕಿ ಇಡಿಸಿಕೊಂಡು ಬಂದವಳು ನಾನು" ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಾರೆ. ಕೋನ ಇಕ್ಕಟ್ಟಾಗಿದ್ದ ಮಾತ್ರಕ್ಕೆ ಎಲ್ಲರಿಗೂ ಕಿಟಕಿ ಬೇಡ, ಕೆಲವರನ್ನು ನೋಡುತ್ತ ಇದ್ದರೆ ಸಾಕು ಎಂದು ಚೀನದ ಗ್ವಾಂಗ್‌ಝೌದಲ್ಲಿ ಆರು ವರ್ಷ ನಡೆದ ಅಧ್ಯಯನದಿಂದ 2019ರಲ್ಲಿ ತಿಳಿದುಬಂದಿದೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ವೈದ್ಯರ ವಿವೇಚನೆಗೆ ಬಿಟ್ಟುದು.

ಲೇಸರನ್ನು ಹೊಗಳಿ ಅದರ ಮಿತಿಯನ್ನು ಮುಚ್ಚಿಡುವುದು ತರವಲ್ಲ. ನಮಗೆ ಮಾಡಿದ ಚಿಕಿತ್ಸೆಯ ಗುಣ ಕೆಲವು ವರ್ಷಕ್ಕೆ ಕುಂದುತ್ತದೆ. ಆಗ ಮತ್ತೊಮ್ಮೆ ಮಾಡಬಹುದು, ಇಲ್ಲವೆ ಹನಿಗೆ ಮರಳಬಹುದು. ಕೆಲವರಿಗೆ ಮೊದಲ ಸಲವೇ ಫಲ ಕಾಣದು. ರೋಗ ಬಹಳ ಮುಂದುವರಿದವರಿಗೆ ಶಸ್ತ್ರಕ್ರಿಯೆಯೇ ಬೇಕು. ಆರು ತಿಂಗಳಿಗೊಮ್ಮೆ ತಪಾಸಣೆ ಯಾರಿಗೂ ತಪ್ಪಿದ್ದಲ್ಲ. ಇನ್ನೊಂದು ಮಾತನ್ನು ಪಾಲಕರಿಗೆ ಹೇಳಬೇಕಾಗಿದೆ. ಬೇಸಗೆ ಬಂದರೆ ನಮ್ಮ ಮಕ್ಕಳು ಕಣ್ಣು ತುರಿಸಿಕೊಳ್ಳುತ್ತಾರೆ. ಹೋದ ವರ್ಷದ ಚೀಟಿ ತೋರಿಸಿ, ಅಂಗಡಿಯಿಂದ ಅದೇ ಹನಿಯನ್ನು ತಂದು ತಿಂಗಳುಗಟ್ಟಲೆ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಆ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ಎಳೆಯ ಕಣ್ಣಿನಲ್ಲಿಯೂ ಒತ್ತಡ ಏರಿ ಇದೇ ರೋಗ ಬರುತ್ತದೆ. ತುರಿಕೆ ನಿಂತಿರುತ್ತದಾದ್ದರಿಂದ ಔಷಧ ಚೆನ್ನಾಗಿದೆಯೆಂದೇ ಎಲ್ಲರೂ ಭಾವಿಸಿರುತ್ತಾರೆ.

ತೆರೆದ ಕೋನದ ರೋಗ ರಕ್ತಸಂಬಂಧದಲ್ಲಿ ಹರಿಯುತ್ತದೆ. ತಂದೆತಾಯಿಗೋ ಒಡಹುಟ್ಟಿದವರಿಗೋ ಇದ್ದರೆ ನಮಗೆ ಬರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ನಮ್ಮ ಚಿಕಿತ್ಸೆಯಾದೊಡನೆ ಒಡಹುಟ್ಟಿದವರಿಗೆಲ್ಲ ಹೇಳಿಕಳಿಸಿದೆವು. ಅಕ್ಕ ಸೊಲ್ಲಾಪುರದಲ್ಲಿ ಒಂದೇ ವಾರದೊಳಗೆ ತೋರಿಸಿಕೊಂಡಳು, ಅವಳಿಗೇನೂ ಇಲ್ಲ. ಕಿರಿಯ ತಮ್ಮ ಒಪ್ಪಲಿಲ್ಲ. ಅವನಿಗೆ ಅರವತ್ತು ದಾಟಿದೆ. ಘೋಟಿಯ ಅಕ್ಕಿ ಗಿರಣಿಗಳಿಂದ ಟೆಂಪೊ ತುಂಬಿಕೊಂಡು ಘಾಟಿಳಿದು ಕಲ್ಯಾಣದವರೆಗೆ ಹೋಗುತ್ತಾನೆ. "ಅಣ್ಣಾ, ಕಣ್ಣು ಛಲೋ ಅವ. ರಾತ್ರಿ ಘಾಟಿನ್ಯಾಗೂ ಗಾಡಿ ಹೊಡೀತೀನಿ. ಡಾಕ್ಟರ ಒಂದು ಮಾತು ಬರೆದ್ರ ಲೈಸನ್ಸು ಹೋದೀತು, ಆಮ್ಯಾಲ ಉಣ್ಣೂದೇನು?" ಎಂದನು. ಇದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ನೋಡದಿದ್ದರೆ ಕಾಣದ ರೋಗವನ್ನು ನೋಡಿಸಿಕೊಂಡು ಅನ್ನ ಕಳೆದುಕೊಳ್ಳೆಂದು ಹೇಳಿದಂತಾಗುತ್ತದೆ. ನಾವು ಮೂರು ವರ್ಷ ಬಿಡದೆ ಕೇಳಿದೆವು, ಅವನು ಮೂರು ವರ್ಷ ಬಿಡದೆ ನಕ್ಕನು.

ಈ ದೀಪಾವಳಿಯ ಹಿಂದಿನ ವಾರ ಘೋಟಿಯ ಪೇಟೆಯಲ್ಲಿ ಅವನ ಟೆಂಪೊದ ಎಡಗಡೆಯ ಕನ್ನಡಿ ನಿಂತ ಕೈಗಾಡಿಗೆ ತಾಗಿ ಒಡೆಯಿತು. ಯಾರಿಗೂ ಪೆಟ್ಟಾಗಲಿಲ್ಲ, ಕೈಗಾಡಿಯ ಬಾಳೆಹಣ್ಣು ಚೆಲ್ಲಿದವು ಅಷ್ಟೆ. ಆ ರಾತ್ರಿ ಅವನು ನಮ್ಮ ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದನು. ಹೋಗುವಾಗ, "ಅಪ್ಪನ ತಂಬಿಗಿ ಎಡಕ್ಕೇ ಉರುಳ್ತಿತ್ತಲ್ಲ?" ಎಂದು ಕೇಳಿದನು.

ಪರೀಕ್ಷೆಯಾಗಿದೆ. ಒತ್ತಡ 28, 26. ಎಡಗಣ್ಣಿನ ಅಂಚು ಒಂದು ಕಡೆ ಸವೆದಿದೆ. ಬಲಗಣ್ಣು ಇನ್ನೂ ಪೂರ್ತಿಯಾಗಿದೆ. ಈಗಿರುವ ನೋಟ ನಿಂತರೆ ಗಾಡಿ ಬಿಡಬೇಕಾಗದು, ಆದರೆ ಮತ್ತೊಮ್ಮೆ ಅಳೆಯುವವರೆಗೆ ರಾತ್ರಿಯ ಘಾಟು ಬೇಡವೆಂದು ವೈದ್ಯರು ಹೇಳಿದ್ದಾರೆ. ರಾತ್ರಿಯ ಸರದಿಯನ್ನು ಅವನ ಮಗ ವಹಿಸಿಕೊಂಡಿದ್ದಾನೆ. ಬರುವ ಬುಧವಾರ ಲೇಸರ್, ಮೊದಲು ಎಡಗಣ್ಣಿಗೆ. ಬೆಳಗಿನ ಏಳರ ಬಸ್ಸಿಗೆ ನಾವಿಬ್ಬರೂ ನಾಶಿಕಕ್ಕೆ ಹೊರಡುತ್ತೇವೆ. ಮುಂದಿನ ಸೀಟು ಬೇಡ, ಹಿಂದೆ ಎಲ್ಲಿಯಾದರೂ ಸರಿಯೆಂದು ಅವನು ಮೊದಲೇ ತಿಳಿಸಿದ್ದಾನೆ. ನಲವತ್ತು ವರ್ಷ ಸ್ಟೇರಿಂಗ್ ಹಿಡಿದವನಿಗೆ ಇನ್ನೊಬ್ಬರು ಓಡಿಸುವುದನ್ನು ಮುಂದೆ ಕುಳಿತು ನೋಡುವುದು ಆಗದಂತೆ.